ನಡಾವಳಿಗೆ ಸೇರದ ನಾಲ್ಕು ನಿಮಿಷ

ಸುತ್ತೋಲೆಯಲ್ಲಿ 'ಮುಚ್ಚುವುದು' ಎಂಬ ಮಾತು ಎಲ್ಲೂ ಇರಲಿಲ್ಲ. ಕಿವುಡರ ಶಿಕ್ಷಣ ವಿಭಾಗವನ್ನು ಮುಂದಿನ ವರ್ಷದಿಂದ ಶಿಕ್ಷಣ ನಿಕಾಯದೊಳಗೆ 'ವಿಲೀನ'ಗೊಳಿಸುವ ಪ್ರಸ್ತಾವ ವಿದ್ಯಾವಿಷಯಕ ಪರಿಷತ್ತಿನ ಸಭೆಗೆ ಬರುತ್ತದೆ ಎಂದಷ್ಟೇ ಇತ್ತು. ಅಣ್ಣ ಅದನ್ನು ಎರಡು ಸಲ ಓದಿದ. ಆಮೇಲೆ ಕಾಗದವನ್ನು ನನ್ನ ಕಡೆ ತಳ್ಳಿ, ಆ ಪದದ ಮೇಲೆ ಬೆರಳಿಟ್ಟು, ಕೈಯಲ್ಲೇ ಕೇಳಿದ: "ಹುಡುಗರಿಗೆ ಇದನ್ನ ಹೇಗೆ ಹೇಳ್ತೀಯ?"

ಉಪ್ಪು ನೀರಿನಲ್ಲಿ ಕರಗುವುದನ್ನು ಬೆರಳುಗಳಲ್ಲಿ ತೋರಿಸಿದೆ. ಅವನು ಒಪ್ಪಲಿಲ್ಲ. ಬಾಯಿ ದೊಡ್ಡದಾಗಿ ತೆರೆದು, ಏನನ್ನೋ ಇಡಿಯಾಗಿ ನುಂಗಿ, ಹೊಟ್ಟೆ ಸವರಿಕೊಂಡು ತೋರಿಸಿದ. ಎದುರಿಗೆ ಅರ್ಧ ವೃತ್ತವಾಗಿ ಕುಳಿತಿದ್ದ ಹನ್ನೊಂದು ವಿದ್ಯಾರ್ಥಿಗಳೂ ನಕ್ಕರು. ಅಣ್ಣ ನಗಲಿಲ್ಲ.

ಅಣ್ಣ ಹುಟ್ಟು ಕಿವುಡ. ಅವನಿಗಿಂತ ಐದು ವರ್ಷ ಚಿಕ್ಕವಳಾದ ನನಗೆ ಮಾತು ಬರುವ ಮೊದಲೇ ಅವನ ಕೈಭಾಷೆ ಬಂದಿತ್ತಂತೆ. ಅವನು ಈ ವಿಭಾಗದ ಮೊದಲ ತಂಡದ ವಿದ್ಯಾರ್ಥಿ, ಆಮೇಲೆ ಇಲ್ಲೇ ಇಪ್ಪತ್ತೆರಡು ವರ್ಷ ಮೇಷ್ಟ್ರು. ಹಳೆಯ ಮುಖ್ಯಸ್ಥರು ನಿವೃತ್ತರಾದ ಮೇಲೆ ಆ ಹುದ್ದೆಯನ್ನು ತುಂಬದೆ ಅಣ್ಣನನ್ನೇ 'ಪ್ರಭಾರ' ಎಂದು ಕೂರಿಸಿ ಮೂರು ವರ್ಷವಾಗಿತ್ತು. ನಾನು ಅಲ್ಲಿ ದುಭಾಷಿ. ಪಾಠ, ಪರೀಕ್ಷೆ, ಪತ್ರ ವ್ಯವಹಾರ, ಎಲ್ಲದರಲ್ಲೂ ಅವನ ಕೈ ಹೇಳಿದ್ದನ್ನು ಬಾಯಲ್ಲಿ, ಬೇರೆಯವರ ಬಾಯಿ ಹೇಳಿದ್ದನ್ನು ಕೈಯಲ್ಲಿ ದಾಟಿಸುವುದು ನನ್ನ ಕೆಲಸ. ಕೆಲಸ ಹದಿನಾಲ್ಕು ವರ್ಷದ್ದು, ನೇಮಕ ಮಾತ್ರ ಹನ್ನೊಂದು ತಿಂಗಳದ್ದು. ಪ್ರತಿ ಸಲ ಒಂದು ದಿನ ಮನೆಗೆ ಕಳಿಸಿ, ಮಾರನೆಯ ದಿನ ಹೊಸ ಆದೇಶ ಕೊಡುತ್ತಿದ್ದರು.

ನಮ್ಮದು ನೆಲಮಹಡಿಯಲ್ಲಿ ಮೂರು ಕೋಣೆ. ಒಂದರಲ್ಲಿ ಪಾಠ, ಒಂದರಲ್ಲಿ ಕಚೇರಿ, ಇನ್ನೊಂದು ಶ್ರವಣ ಪರೀಕ್ಷೆಯ ಕೋಣೆ. ಅದರ ಗೋಡೆಗೆಲ್ಲ ದಪ್ಪ ಹತ್ತಿಹಲಗೆ ಬಡಿದು, ಹೊರಗಿನ ಪಿಸುಮಾತೂ ನುಸುಳದಂತೆ ಮಾಡಿದ್ದರು. ಇಲ್ಲಿ ಕಲಿತವರು ಕಿವುಡ ಮಕ್ಕಳ ಶಾಲೆಗಳಿಗೆ ಮೇಷ್ಟ್ರಾಗಿ ಹೋಗುತ್ತಿದ್ದರು. ಒಂದು ತಂಡಕ್ಕೆ ಹನ್ನೆರಡಕ್ಕಿಂತ ಹೆಚ್ಚು ಜನರನ್ನು ತೆಗೆದುಕೊಳ್ಳುತ್ತಿರಲಿಲ್ಲ. ಹೆಚ್ಚಾದರೆ ಒಬ್ಬರ ಕೈ ಒಬ್ಬರಿಗೆ ಕಾಣುವುದಿಲ್ಲ. ಇದೇನು ದೊಡ್ಡ ವಿದ್ಯೆಯಲ್ಲ, ಕಣ್ಣಿದ್ದವರಿಗೆ ಗೊತ್ತಾಗುವ ಸಂಗತಿ.

ಹೋದ ವರ್ಷ ವಿಶ್ವವಿದ್ಯಾಲಯದವರು ಪ್ರವೇಶದ ಅರ್ಜಿಯನ್ನು ಕಂಪ್ಯೂಟರಿಗೆ ಹಾಕಿದಾಗ ವಿಭಾಗಗಳ ಪಟ್ಟಿಯಲ್ಲಿ ನಮ್ಮ ಹೆಸರೇ ಇರಲಿಲ್ಲ. ನಾಲ್ಕು ಪತ್ರ ಬರೆದೆವು. 'ತಾಂತ್ರಿಕ ದೋಷ, ಸರಿಪಡಿಸಲಾಗುವುದು' ಎಂದು ನಾಲ್ಕಕ್ಕೂ ಒಂದೇ ಉತ್ತರ ಬಂತು. ಆ ವರ್ಷ ಒಂದು ನರಪಿಳ್ಳೆಯೂ ಸೇರಲಿಲ್ಲ. ಈ ವರ್ಷ ನಾವೇ ಶಾಲೆ ಶಾಲೆ ತಿರುಗಿ, ಕೈಬರಹದ ಅರ್ಜಿ ಬರೆಸಿ, ಜಗಳವಾಡಿ ಹನ್ನೊಂದು ಜನರನ್ನು ಸೇರಿಸಿದೆವು. ಈಗ ವಿಲೀನದ ಟಿಪ್ಪಣಿಯಲ್ಲಿ ಏನು ಬರೆದಿದ್ದರು ಗೊತ್ತೇ? 'ಎರಡು ವರ್ಷಗಳಲ್ಲಿ ಒಟ್ಟು ಪ್ರವೇಶ ಹನ್ನೊಂದು. ವಿದ್ಯಾರ್ಥಿಗಳ ಆಸಕ್ತಿ ಕುಸಿದಿದೆ.'

"ಬಾವಿಗೆ ಮುಚ್ಚಳ ಹಾಕಿದವರೇ ನೀರಿಲ್ಲ ಅಂತಾರಲ್ಲ!" ಎಂದಳು ಅತ್ತಿಗೆ. ಅಣ್ಣನ ಹೆಂಡತಿಗೆ ಕಿವಿ ಚೆನ್ನಾಗಿ ಕೇಳುತ್ತದೆ, ಬಾಯಿ ಅದಕ್ಕಿಂತ ಚೆನ್ನಾಗಿದೆ. ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ಕುಲಪತಿಗಳಿಗೆ ಜವಾನರಿಂದ ಪ್ರಾಧ್ಯಾಪಕರವರೆಗೆ ಎಲ್ಲರೂ ಬೆನ್ನ ಹಿಂದೆ 'ಕತ್ತರಿ' ಎಂದು ಹೆಸರಿಟ್ಟಿದ್ದರು. ಬಂದ ಎರಡೇ ವರ್ಷದಲ್ಲಿ ಅವರು ತತ್ವಶಾಸ್ತ್ರವನ್ನೂ ಭೂಗೋಳವನ್ನೂ ಕತ್ತರಿಸಿ ಯಾವುದಕ್ಕೋ ಅಂಟಿಸಿದ್ದರು. ಅತ್ತಿಗೆಗೆ ಆ ಹೆಸರು ಹಿಡಿಸಲಿಲ್ಲ. "ಕತ್ತರಿ ಹಿಡಿಯೋಕೂ ಅಳತೆ ಗೊತ್ತಿರಬೇಕಮ್ಮ" ಎಂದಳು.

ಅಳತೆಯವರೂ ಬಂದರು. ಸಭೆಗೆ ಇನ್ನೂ ಒಂಬತ್ತು ದಿನವಿದ್ದಾಗ, ಪಾಠ ನಡೆಯುತ್ತಿದ್ದಂತೆಯೇ ಇಬ್ಬರು ಟೇಪು ಹಿಡಿದು ಒಳಗೆ ನುಗ್ಗಿ, ಅಣ್ಣನಿಗೂ ವಿದ್ಯಾರ್ಥಿಗಳಿಗೂ ನಡುವೆ ನಿಂತುಕೊಂಡು ಗೋಡೆ ಅಳೆಯತೊಡಗಿದರು. ಅಣ್ಣನ ಕೈ ಯಾರಿಗೂ ಕಾಣಿಸದೆ ಪಾಠ ನಿಂತುಹೋಯಿತು.

"ಏನು ನಡೀತಿದೆ ಇಲ್ಲಿ?" ಎಂದು ಕೇಳಿದೆ.

"ನಾವೀನ್ಯ ಕೇಂದ್ರಕ್ಕೆ ಮೇಡಂ. ಈ ಗೋಡೆ ಒಡೆದು ದೊಡ್ಡ ಹಾಲ್ ಮಾಡ್ತಾರೆ. ಇಲ್ಲಿ ಗದ್ದಲ ಇಲ್ಲ, ಬೇಗ ಮುಗಿಸಿಬಿಡ್ತೀವಿ."

ಅಣ್ಣ ಟೇಪಿನ ಒಂದು ತುದಿಯನ್ನು ಆ ಮನುಷ್ಯನ ಕೈಯಿಂದ ಮೆಲ್ಲಗೆ ಬಿಡಿಸಿ, ಸುತ್ತಿ, ಅವನ ಜೇಬಿಗೇ ಹಾಕಿ, ಬಾಗಿಲು ತೋರಿಸಿದ.

ಸಭೆಯ ದಿನ ಅವನು ಅತ್ತಿಗೆ ಹೊಲಿದ ಹೊಸ ಅಂಗಿ ತೊಟ್ಟಿದ್ದ. ಪ್ರಭಾರ ಮುಖ್ಯಸ್ಥನಾದ್ದರಿಂದ ಅವನೂ ಪರಿಷತ್ತಿನ ಸದಸ್ಯ. ಇಬ್ಬರೂ ಸಭಾಂಗಣದ ಬಾಗಿಲಿಗೆ ಹೋದರೆ ಕುಲಸಚಿವರು ನನ್ನನ್ನು ತಡೆದರು. "ಸದಸ್ಯರಲ್ಲದವರಿಗೆ ಪ್ರವೇಶ ಇಲ್ಲಮ್ಮ. ಸಭೆ ಗೋಪ್ಯ."

"ನಾನಿಲ್ಲದಿದ್ರೆ ಅವರು ಹೇಳೋದು ನಿಮಗೆ ಹೇಗೆ ಗೊತ್ತಾಗತ್ತೆ ಸರ್?"

"ಬರೆದುಕೊಡಲಿ."

ಅಷ್ಟರಲ್ಲಿ ಡೀನ್ ಬಂದರು. ಶಿಕ್ಷಣ ನಿಕಾಯದ ಡೀನ್ ಆಗುವ ಮೊದಲು ಅವರು ನಮ್ಮ ವಿಭಾಗದಲ್ಲೇ ಎಂಟು ವರ್ಷ ಕೆಲಸ ಮಾಡಿದವರು. ಸನ್ನೆಭಾಷೆಯ ಮೊದಲಕ್ಷರ ಕಲಿತದ್ದೇ ಅಣ್ಣನಿಂದ. ನಮ್ಮ ಮನೆಯಲ್ಲಿ ಊಟ ಮಾಡಿದ್ದಕ್ಕೆ ಲೆಕ್ಕವಿಲ್ಲ, ಅವರ ಮದುವೆಯ ಕೋಟು ಹೊಲಿದದ್ದು ಅತ್ತಿಗೆ. ಅವರು ಅಣ್ಣನ ಹೆಗಲ ಮೇಲೆ ಕೈಯಿಟ್ಟು, "ನಾನಿದ್ದೀನಲ್ಲ, ಮೇಷ್ಟ್ರು ಹೇಳಿದ್ದನ್ನ ನಾನು ಹೇಳ್ತೀನಿ" ಎಂದರು. ಅಣ್ಣ ನನ್ನತ್ತ ನೋಡಿ, ಸರಿ ಎಂದು ತಲೆಯಾಡಿಸಿದ. ನಾನು ಹೊರಗೆ ಉಳಿದೆ.

ಬಾಗಿಲಿಗೆ ಎದೆಮಟ್ಟದಿಂದ ಮೇಲಕ್ಕೆ ಗಾಜಿತ್ತು. ಮಾತು ಕೇಳುತ್ತಿರಲಿಲ್ಲ, ಆದರೆ ಅಣ್ಣನ ಮಾತಿಗೆ ಕಿವಿ ಬೇಕಿಲ್ಲವಲ್ಲ. ಕಾರ್ಯಸೂಚಿಯಲ್ಲಿ ಹದಿನಾಲ್ಕನೆಯದಾದ ನಮ್ಮ ವಿಷಯ ಬಂದಾಗ ಅವನು ಎದ್ದು ನಿಂತ. ಪೂರ್ತಿ ನಾಲ್ಕು ನಿಮಿಷ ಹೇಳಿದ.

"ಇಲ್ಲಿಂದ ಇನ್ನೂರ ನಲವತ್ತು ಮೇಷ್ಟ್ರುಗಳು ಹೊರಗೆ ಹೋಗಿದ್ದಾರೆ. ನಾನು ಚಿಕ್ಕವನಿದ್ದಾಗ ಏಳು ವರ್ಷ ಶಾಲೆಯಲ್ಲಿ ಮೇಷ್ಟ್ರ ಬಾಯಿ ನೋಡ್ತಾ ಕೂತಿದ್ದೆ, ಒಂದಕ್ಷರ ತಲೆಗೆ ಹೋಗಲಿಲ್ಲ. ದಡ್ಡ ಅಂತ ಹೊಡೆದ್ರು. ಕೈಯಲ್ಲಿ ಕಲಿಸೋರು ಒಬ್ಬರು ಬಂದ ಮೇಲೆ ಒಂದೇ ವರ್ಷಕ್ಕೆ ಓದೋಕೆ ಬಂತು. ಅಂಥವರನ್ನ ತಯಾರು ಮಾಡೋ ಜಾಗ ಇದು. ನಿಕಾಯದ ನೂರೈವತ್ತು ಜನ ಕೂರೋ ಹಾಲಿನಲ್ಲಿ ಅದು ಆಗಲ್ಲ. ನಾನು ಇದಕ್ಕೆ ಒಪ್ಪಲ್ಲ. ಒಪ್ಪಲ್ಲ ಅಂತ ಬರ್ಕೊಳ್ಳಿ."

ಸುತ್ತ ಕೂತವರಲ್ಲಿ ಕೆಲವರು ಮುಂದಿನ ಹಾಳೆ ತಿರುವುತ್ತಿದ್ದರು, ಕೆಲವರು ಫೋನ್ ನೋಡುತ್ತಿದ್ದರು. ಕತ್ತರಿ ಸಾಹೇಬರು ಮಗುವಿನ ಆಟ ನೋಡುವವರ ಹಾಗೆ ನಗುತ್ತಾ ತಲೆದೂಗುತ್ತಿದ್ದರು. ಅಣ್ಣ ಕೂತ ಮೇಲೆ ಡೀನ್ ಎದ್ದು ಏನೋ ಹೇಳಿದರು. ಹತ್ತು ಸೆಕೆಂಡೂ ಆಗಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು.

ನಾಲ್ಕು ನಿಮಿಷದ ಮಾತು ಹತ್ತು ಸೆಕೆಂಡಿಗೆ ಇಳಿಯುವುದಿಲ್ಲ. ಅದು ನನ್ನ ಕಸುಬು, ನನಗೆ ಗೊತ್ತು. ಬಾಗಿಲು ತಳ್ಳಿ ಒಳಗೆ ಹೋಗಬೇಕಿತ್ತು. ಹಿಡಿಕೆಯ ಮೇಲೆ ಕೈಯನ್ನೂ ಇಟ್ಟೆ. ಮುಂದಿನ ತಿಂಗಳು ನನ್ನ ಆದೇಶ ಮುಗಿಯುವುದು ನೆನಪಾಯಿತು. ಕೈ ತೆಗೆದೆ.

ಅಣ್ಣ ಹೊರಗೆ ಬಂದಾಗ ಮುಖ ಅರಳಿತ್ತು. "ಎಲ್ಲ ಹೇಳಿದೆ. ಒಂದೂ ಬಿಡಲಿಲ್ಲ. ಚಪ್ಪಾಳೆ ತಟ್ಟಿದ್ರು, ನೋಡಿದ್ಯಾ?"

ನೋಡಿದೆ ಎಂದೆ.

ಹನ್ನೆರಡು ದಿನದ ಮೇಲೆ ಸಭೆಯ ನಡಾವಳಿ ಬಂತು. ಹದಿನಾಲ್ಕನೆಯ ವಿಷಯದ ಕೆಳಗೆ ಎರಡೇ ಸಾಲು: 'ವಿಭಾಗದ ಪ್ರಭಾರ ಮುಖ್ಯಸ್ಥರು ಪ್ರಸ್ತಾವವನ್ನು ಸ್ವಾಗತಿಸಿ, ವಿಶ್ವವಿದ್ಯಾಲಯಕ್ಕೆ ಕೃತಜ್ಞತೆ ಅರ್ಪಿಸಿದರು. ಸರ್ವಾನುಮತದಿಂದ ಅಂಗೀಕರಿಸಲಾಯಿತು.'

ಸರ್ವಾನುಮತ ಎಂಬ ಪದ ಅಲ್ಲಿ ಸುಮ್ಮನೆ ಬಂದು ಕೂತದ್ದಲ್ಲ. ನಿಯಮದ ಪ್ರಕಾರ ಒಬ್ಬರು ವಿರೋಧಿಸಿದರೂ ವಿಷಯ ಆಡಳಿತ ಮಂಡಳಿಯ ಮುಂದೆ ಪೂರ್ತಿ ಚರ್ಚೆಗೆ ಹೋಗಬೇಕು. ಸರ್ವಾನುಮತವಾದರೆ ಕುಲಪತಿಗಳ ಒಂದು ಸಹಿ ಸಾಕು.

ಆ ಹಾಳೆ ಹಿಡಿದು ನೇರ ಡೀನರ ಕೋಣೆಗೆ ಹೋದೆ.

"ಕೂತ್ಕೊಳ್ಳಿ ಮೇಡಂ."

"ನಿಂತೇ ಇರ್ತೀನಿ. ಅಣ್ಣ ಏನು ಹೇಳಿದ, ನೀವೇನು ಹೇಳಿದ್ರಿ?"

ಅವರು ಎದ್ದು ಹೋಗಿ ಬಾಗಿಲು ಹಾಕಿ ಬಂದರು. "ನೋಡಿ, ತೀರ್ಮಾನ ಮೊದಲೇ ಆಗಿತ್ತು. ಮೇಷ್ಟ್ರು ಬೇಡ ಅಂದಿದ್ರೂ ಆಗೋದು ಆಗ್ತಿತ್ತು, ಸುಮ್ನೆ ಎಲ್ಲರ ಕಣ್ಣಿಗೆ ಕೆಟ್ಟವರಾಗ್ತಿದ್ರು. ನಾನು ಅವರ ಮರ್ಯಾದೆ ಉಳಿಸಿದೆ."

"ಅವನ ಬಾಯಿಗೆ ನಿಮ್ಮ ಮಾತು ತುರುಕೋದು ಮರ್ಯಾದೆನಾ ಸರ್?"

"ನನಗೂ ಪೂರ್ತಿ ಅರ್ಥ ಆಗ್ಲಿಲ್ಲ. ಕೈಭಾಷೆ ಬಿಟ್ಟು ಎಷ್ಟು ವರ್ಷ ಆಯ್ತು…"

"ಇದು ಅರ್ಥ ಆಗ್ಲಿಲ್ವಾ?" ಎಂದು ಅವರ ಮೂಗಿನ ಮುಂದೆ 'ಒಪ್ಪಲ್ಲ' ಎಂದು ಕೈ ಬೀಸಿ ತೋರಿಸಿದೆ. "ಎರಡು ವರ್ಷದ ಕೂಸಿಗೂ ಅರ್ಥ ಆಗತ್ತೆ. ನಿಮಗೆ ಇದನ್ನ ಕಲಿಸಿದ್ದೇ ಅವನು."

ಡೀನ್ ಕನ್ನಡಕ ತೆಗೆದು ಒರೆಸಿದರು. ಆಮೇಲೆ ತೀರಾ ಮೃದುವಾಗಿ, "ನಿಮ್ಮ ಆದೇಶದ ನವೀಕರಣ ಮುಂದಿನ ತಿಂಗಳು ಅಲ್ವಾ?" ಎಂದರು.

ವಿಲೀನದ ನಂತರದ ನಿಕಾಯಕ್ಕೆ ಅವರೇ ನಿರ್ದೇಶಕರು ಎಂಬ ಆದೇಶ ಅದೇ ವಾರ ಹೊರಬಿತ್ತು. ಉಂಡ ಮನೆಗೆ ಎರಡು ಬಗೆಯುವುದು ಎಂದರೆ ಇದೇ.

ಆ ಸಂಜೆ ಅಣ್ಣನಿಗೆ ನಡಾವಳಿ ಕೊಟ್ಟೆ. ಅಂಗಡಿಯ ಹಿಂದಿನ ಕೋಣೆಯಲ್ಲಿ, ಬಟ್ಟೆಯ ರಾಶಿಯ ನಡುವೆ ಕೂತು ಓದಿದ. ಅತ್ತಿಗೆ ಯಂತ್ರ ನಿಲ್ಲಿಸಿ ಬಾಗಿಲಲ್ಲಿ ನಿಂತಳು. ಅವನು ಎರಡು ಸಾಲನ್ನು ಎಷ್ಟೋ ಹೊತ್ತು ನೋಡಿದ. ಆಮೇಲೆ ಮೇಜಿಗೆ ಗುದ್ದಿದ ಏಟಿಗೆ ಡಬ್ಬಿ ಬಿದ್ದು ಗುಂಡಿಗಳು ನೆಲದ ತುಂಬ ಚೆಲ್ಲಾಡಿದವು.

"ನೀನು ಗಾಜಿನ ಹತ್ತಿರ ನಿಂತಿದ್ದೆ" ಎಂದ. "ನನ್ನ ಮಾತು ಪೂರ್ತಿ ನೋಡಿದೆ. ಅವನು ಹೇಳಿದ್ದು ಎಷ್ಟು ಚಿಕ್ಕದು ಅಂತಾನೂ ನೋಡಿದೆ. ಯಾಕೆ ಒಳಗೆ ಬರಲಿಲ್ಲ?"

"ಬಿಡಲ್ಲ ಅಂದ್ರು."

"ಅದು ಶುರುವಿನಲ್ಲಿ. ಆಮೇಲೆ ಯಾಕೆ ಬರಲಿಲ್ಲ?"

ಅತ್ತಿಗೆ ನಡುವೆ ಬಂದು, ಬಾಯಿ ಕೈ ಎರಡರಲ್ಲೂ ಒಟ್ಟಿಗೆ ಬೈದಳು. "ಕುತ್ತಿಗೆ ಕೊಯ್ದವನನ್ನ ಬಿಟ್ಟು ತಂಗಿ ಮೇಲೆ ಯಾಕೆ ಹರಿಹಾಯ್ತೀರಿ? ಅವನ ಮದುವೆ ಕೋಟಿಗೆ ಒಳಗಿನ ಜೇಬು ಎರಡು ಇಟ್ಟಿದ್ದೆ. ಒಂದೊಂದರಲ್ಲಿ ಒಂದೊಂದು ನಾಲಿಗೆ ಇಟ್ಕೊಳ್ಳಲಿ ಅಂತ ನನಗೇನು ಗೊತ್ತು!"

ಅಣ್ಣ ನಗಲಿಲ್ಲ, ನನ್ನಿಂದ ಕಣ್ಣೂ ತೆಗೆಯಲಿಲ್ಲ. "ಹೆದರಿದೆ" ಎಂದೆ ಕೊನೆಗೆ. ಅವನು ತಲೆಯಾಡಿಸಿ, ಬಗ್ಗಿ ಗುಂಡಿಗಳನ್ನು ಆರಿಸತೊಡಗಿದ. ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಕಿವುಡ ಮುನಿಸಿಕೊಂಡರೆ ನಿಮ್ಮ ಕಡೆ ನೋಡುವುದನ್ನೇ ನಿಲ್ಲಿಸುತ್ತಾನೆ. ಆಮೇಲೆ ನೀವು ಏನು ಹೇಳಿದರೂ ಅದು ಗೋಡೆಗೆ.

ಮೂರನೆಯ ದಿನ ಅವನೇ ಒಂದು ಪತ್ರ ಬರೆದು ತಂದ. ಸದಸ್ಯರಿಗೆ ಸಭೆಯ ಧ್ವನಿಮುದ್ರಣ ಕೇಳುವ ಹಕ್ಕಿದೆ, ತನಗೂ ಬೇಕು ಎಂದು. ಕಿವುಡನಿಗೆ ಧ್ವನಿಮುದ್ರಣ ಯಾಕೆ ಎಂದು ಕುಲಸಚಿವರ ಕಚೇರಿಯವರು ಮುಖ ಮುಖ ನೋಡಿಕೊಂಡರಂತೆ. ಆದರೂ ನಿಯಮ ನಿಯಮವೇ, ಹದಿನೈದು ದಿನ ಸತಾಯಿಸಿ ಕೊಟ್ಟರು.

ಶ್ರವಣ ಪರೀಕ್ಷೆಯ ಕೋಣೆಯಲ್ಲಿ ಕೂತು ಅದನ್ನು ಹಾಕಿದೆ. ಅಣ್ಣ ಎದುರಿಗೆ ಕೂತು, "ಏನು ಕೇಳಿಸುತ್ತೋ ಎಲ್ಲ ಹೇಳು. ಬಿಡಬೇಡ" ಎಂದ. ದುಭಾಷಿಯಾದವಳು ಬಿಡಬಾರದು, ಸೇರಿಸಬಾರದು. ಬಿಡಲಿಲ್ಲ.

"ಕುರ್ಚಿ ಕಿರುಗುಟ್ಟಿತು. ನೀನು ಎದ್ದಿರಬೇಕು. ಯಾರೋ ಕೆಮ್ಮಿದ್ರು. ಹಾಳೆ ತಿರುವಿದ ಸದ್ದು. ಮತ್ತೆ ಹಾಳೆ. ಒಬ್ಬರು ಮೆಲ್ಲಗೆ ಕೇಳ್ತಿದ್ದಾರೆ, 'ಇನ್ನೆಷ್ಟು ಹೊತ್ತು?' ಇನ್ನೊಬ್ಬರು, 'ಇವರನ್ನ ಸ್ವಲ್ಪ ಮ್ಯೂಟ್ ಮಾಡಿ' ಅಂದ್ರು."

ಅಣ್ಣ ಕೈಯೆತ್ತಿ ತಡೆದ. "ಆಮೇಲೆ?"

"ನಗು."

"ಎಷ್ಟು ಜನ?"

"ಬಹಳ ಜನ."

ಆಮೇಲೆ ಡೀನರ ಧ್ವನಿ: 'ಮೇಷ್ಟ್ರು ಬಹಳ ಸಂತೋಷದಿಂದ ಇದನ್ನು ಸ್ವಾಗತಿಸುತ್ತಿದ್ದಾರೆ, ಎಲ್ಲರಿಗೂ ಧನ್ಯವಾದ ಹೇಳುತ್ತಿದ್ದಾರೆ.' ಅದನ್ನೂ ಹೇಳಿದೆ. ಅಣ್ಣ ಎದ್ದು, ಗೋಡೆಯ ಹತ್ತಿಹಲಗೆಗೆ ಹಣೆಯಿಟ್ಟು ಸ್ವಲ್ಪ ಹೊತ್ತು ನಿಂತ. ತಿರುಗಿದಾಗ ಕಣ್ಣು ಕೆಂಪಾಗಿದ್ದವು. "ಮುಂದಿನ ಸಭೆ ಯಾವತ್ತು?" ಎಂದ.

ಮುಂದಿನ ಸಭೆಯ ಮೊದಲ ವಿಷಯ ಹಿಂದಿನ ನಡಾವಳಿಯನ್ನು ದೃಢೀಕರಿಸುವುದು. ಸಾಮಾನ್ಯವಾಗಿ ಟೀ ಬಟ್ಟಲು ಹಂಚುವಷ್ಟರಲ್ಲಿ ಮುಗಿಯುವ ಕೆಲಸ. ಆ ದಿನ ಅಣ್ಣನ ಬೆನ್ನ ಹಿಂದೆಯೇ ನಾನೂ ಒಳಗೆ ಹೋದೆ. ಬಾಗಿಲಲ್ಲಿದ್ದ ಜವಾನ ತಡೆಯುವಂತೆ ಕೈ ಚಾಚಿ, ನನ್ನ ಮುಖ ನೋಡಿ ಕೈ ಹಿಂದಕ್ಕೆ ತೆಗೆದುಕೊಂಡ.

"ಅಮ್ಮ, ನೀವು ಹೊರಗೆ ಹೋಗಬೇಕು" ಎಂದರು ಕುಲಸಚಿವರು.

ಅದನ್ನು ಅಣ್ಣನಿಗೆ ಕೈಯಲ್ಲಿ ಹೇಳಿದೆ. ಅವನು ಉತ್ತರಿಸಿದ. ನಾನು ಗಟ್ಟಿಯಾಗಿ ದಾಟಿಸಿದೆ: "ನಾನು ಹೊರಗೆ ಹೋಗಲ್ಲ. ನಾನು ಈ ಪರಿಷತ್ತಿನ ಸದಸ್ಯ."

"ನಿಮಗೇ ಹೇಳ್ತಿರೋದು, ಅವರಿಗಲ್ಲ!"

"ಇದು ನನ್ನ ಮಾತು. ಆಕೆಯದಲ್ಲ. ಆಕೆ ನನ್ನ ಗಂಟಲು. ನಿಮ್ಮ ಗಂಟಲನ್ನ ಹೊರಗಿಟ್ಟು ಬಂದಿದ್ದೀರಾ?"

ಯಾರೋ ಕಿಸಕ್ಕೆಂದರು. ಕತ್ತರಿ ಸಾಹೇಬರು ಗಡಿಯಾರ ನೋಡಿ, "ಸರಿ, ಬೇಗ ಹೇಳಲಿ" ಎಂದರು.

ಅಣ್ಣ ಬೇಗ ಹೇಳಲಿಲ್ಲ. ಹಿಂದಿನ ಸಲ ಹೇಳಿದ್ದನ್ನೇ, ಅದೇ ಕ್ರಮದಲ್ಲಿ, ಪೂರ್ತಿ ಹೇಳಿದ. ನಾನು ಒಂದೊಂದು ಮಾತನ್ನೂ ಬಾಯಲ್ಲಿ ಹೇಳುತ್ತಾ ಹೋದೆ. ಏಳು ವರ್ಷ ಮೇಷ್ಟ್ರ ಬಾಯಿ ನೋಡುತ್ತಾ ಕೂತದ್ದು, ದಡ್ಡನೆಂದು ಹೊಡೆಸಿಕೊಂಡದ್ದು, ಎಲ್ಲ. ಕೊನೆಗೆ ಅವನು ಡೀನರ ಕಡೆ ಬೆರಳು ತೋರಿಸಿದ. "ಇವರು ನನ್ನ ಶಿಷ್ಯ. ನಾನು ಬೇಡ ಅಂದದ್ದನ್ನ ಬೇಕು ಅಂತ ಹೇಳಿದ್ರು. ನೀವೆಲ್ಲ ನಕ್ಕಿರಿ. ನಕ್ಕದ್ದು ಧ್ವನಿಮುದ್ರಣದಲ್ಲಿದೆ. 'ಸ್ವಾಗತಿಸಿದರು' ಅನ್ನೋದನ್ನ ಹೊಡೆದುಹಾಕಿ. 'ವಿರೋಧಿಸಿದರು' ಅಂತ ಬರೀರಿ. ಅಲ್ಲೀವರೆಗೂ ನಾನು ಕೂರಲ್ಲ."

ಡೀನ್ ಮೇಜಿನ ಮೇಲಿದ್ದ ಪೆನ್ನನ್ನು ಉರುಳಿಸುತ್ತಾ, "ಭಾಷಾಂತರದಲ್ಲಿ ಏನೋ ಸಣ್ಣ ತಪ್ಪು…" ಎಂದು ರಾಗ ಎಳೆದರು.

ಆಗ ಹಿಂದಿನ ಸಾಲಿನಿಂದ ಗಣಿತದ ಮೇಡಂ ಎದ್ದರು. ನಿವೃತ್ತಿಗೆ ಆರು ತಿಂಗಳಿದ್ದ, ಸಭೆಗಳಲ್ಲಿ ಬಾಯಿ ಬಿಡದ ಹೆಂಗಸು. "ಅವತ್ತು ನಾನೂ ಚಪ್ಪಾಳೆ ತಟ್ಟಿದೆ. ನನಗೆ ಸುಳ್ಳು ಹೇಳಿ ತಟ್ಟಿಸಿಕೊಂಡ್ರಿ. ನನ್ನ ವಿರೋಧವನ್ನೂ ಬರ್ಕೊಳ್ಳಿ" ಎಂದರು. ಮತ್ತೆ ಯಾರೂ ಏಳಲಿಲ್ಲ. ಮೂವತ್ತೆಂಟು ಜನರಲ್ಲಿ ಇಬ್ಬರು. ಆದರೆ ಸರ್ವಾನುಮತ ಸತ್ತಿತು.

ಕುಲಸಚಿವರು ತಿದ್ದಿದ ಸಾಲನ್ನು ಓದಿ ಹೇಳಿದರು, ನಾನು ಅದನ್ನು ಕೈಯಲ್ಲಿ ಹೇಳಿದೆ, ಅಣ್ಣ ಕೂತ.

ಗೆದ್ದೆವೆಂದು ಹೇಳಿದರೆ ಸುಳ್ಳಾಗುತ್ತದೆ. ವಿಷಯ ಆಡಳಿತ ಮಂಡಳಿಗೆ ಹೋಯಿತು, ಮಂಡಳಿ ಎರಡು ಸಲ ಮುಂದೂಡಿತು. ಅಷ್ಟರಲ್ಲಿ ಆ ಹನ್ನೊಂದು ಜನ ತಮ್ಮದೇ ಕೋಣೆಯಲ್ಲಿ ಎರಡನೆಯ ವರ್ಷ ಮುಗಿಸಿ ಹೊರಬಿದ್ದರು. ಮೂರನೆಯ ಸಲ ಮಂಡಳಿ ವಿಭಾಗವನ್ನು ಮುಚ್ಚಿತು. ರಜೆಯಲ್ಲಿ ಬಂದು ಹತ್ತಿಹಲಗೆ ಕಿತ್ತು, ಗೋಡೆ ಒಡೆದರು. ನನ್ನ ಆದೇಶ ಪರಿಷತ್ತಿನ ಆ ಎರಡನೆಯ ಸಭೆ ನಡೆದ ತಿಂಗಳೇ ಮುಗಿದಿತ್ತು. ಹದಿನಾಲ್ಕು ವರ್ಷ ಒಂದು ದಿನಕ್ಕೆಂದು ಮನೆಗೆ ಕಳಿಸುತ್ತಿದ್ದವರು ಆ ಸಲ ಮರಳಿ ಕರೆಯಲಿಲ್ಲ. ಕೊನೆಯ ವರ್ಷವೆಲ್ಲ ಸಂಬಳವಿಲ್ಲದೆ ಹೋಗಿ ಪಾಠಕ್ಕೆ ನಿಂತೆ. ಈಗ ಒಂದು ಆಸ್ಪತ್ರೆಯಲ್ಲಿ ದುಭಾಷಿ.

ಅಣ್ಣನನ್ನು ನಿಕಾಯಕ್ಕೆ ಹಾಕಿದರು. ನೂರ ನಲವತ್ತು ವಿದ್ಯಾರ್ಥಿಗಳ ಹಾಲ್, 'ವಿಶೇಷ ಶಿಕ್ಷಣ ಪರಿಚಯ' ಎಂಬ ಒಂದು ಪತ್ರಿಕೆ, ಮೇಜಿನ ಮೇಲೆ ಒಂದು ಮೈಕು. ದುಭಾಷಿ ಕೊಡಿ ಎಂದು ಕೇಳಿದ. ಹುದ್ದೆ ಇಲ್ಲ ಎಂದು ಬರೆದರು. ಸರಿ, ಅವನು ಹಾಲಿಗೆ ಹೋಗಿ, ಮೈಕನ್ನು ಪಕ್ಕಕ್ಕಿಟ್ಟು, ಗಂಟೆಗಟ್ಟಲೆ ಕೈಯಲ್ಲೇ ಪಾಠ ಮಾಡಿದ. ಬೋರ್ಡಿನ ಮೇಲೆ ಒಂದಕ್ಷರ ಬರೆಯಲಿಲ್ಲ. ಹೀಗೆ ಮೂರು ವಾರ. ಮೊದಲ ವಾರ ಹಾಲಿನಲ್ಲಿ ಗದ್ದಲ, ಎರಡನೆಯ ವಾರ ದೂರು, ಮೂರನೆಯ ವಾರ ನೂರ ನಲವತ್ತು ಮನೆಗಳಿಂದ ಪತ್ರ. ಅರ್ಥವಾಗುವಂತೆ ಪಾಠ ಮಾಡಬೇಕೆಂದು, ಈಗ ನಿರ್ದೇಶಕರಾಗಿದ್ದ ಡೀನ್ ನೋಟಿಸು ಕೊಟ್ಟರು. ತಾನು ಪೂರ್ತಿ ಅರ್ಥವಾಗುವಂತೆಯೇ ಮಾಡುತ್ತಿದ್ದೇನೆ, ನಿರ್ದೇಶಕರಿಗೆ ಈ ಭಾಷೆ ಬರುತ್ತದೆಂದು ವಿಶ್ವವಿದ್ಯಾಲಯದ ದಾಖಲೆಯಲ್ಲೇ ಇದೆ, ಬೇಕಾದರೆ ಅವರೇ ಬಂದು ದಾಟಿಸಲಿ ಎಂದು ಅಣ್ಣ ಉತ್ತರ ಬರೆದ. ಹತ್ತು ದಿನದಲ್ಲಿ ಹುದ್ದೆ ಹುಟ್ಟಿಕೊಂಡಿತು.

ನಾನೂ ಅರ್ಜಿ ಹಾಕಿದ್ದೆ. ಸಂದರ್ಶನಕ್ಕೆ ಕರೆಯಲಿಲ್ಲ. ನಮ್ಮ ಕೊನೆಯ ತಂಡದಲ್ಲಿದ್ದ, ಕಿವಿ ಕೇಳುವ ಒಬ್ಬ ಹುಡುಗಿಗೆ ಕೆಲಸ ಸಿಕ್ಕಿತು.

ಅವಳ ಮೊದಲ ದಿನ ಮುಗಿಸಿ ಅಣ್ಣ ಅತ್ತಿಗೆಯ ಜೊತೆ ನಮ್ಮ ಮನೆಗೇ ಬಂದ. "ವೇಗ ಸಾಲದು. ಪಾರಿಭಾಷಿಕ ಪದ ಬಂದರೆ ತಡವರಿಸ್ತಾಳೆ. ನಾಳೆಯಿಂದ ಸಂಜೆ ನಿನ್ನ ಹತ್ತಿರ ಕಳಿಸ್ತೀನಿ, ತಿದ್ದು" ಎಂದ.

"ನನ್ನನ್ನ ಕತ್ತು ಹಿಡಿದು ಹೊರಗೆ ಹಾಕಿದವರ ಕೆಲಸ ನಾನು ಪುಕ್ಕಟೆ ಯಾಕೆ ಮಾಡಲಿ?" ಎಂದು ಕೈ ಬೀಸಿ ಜಗಳ ತೆಗೆದೆ. ಕೈ ಎಷ್ಟು ಜೋರಾಗಿ ಬೀಸಿದೆನೆಂದರೆ ಪಕ್ಕದಲ್ಲಿದ್ದ ಅತ್ತಿಗೆ ಹಿಂದಕ್ಕೆ ಸರಿದಳು.

"ಅವರ ಕೆಲಸ ಅಲ್ಲ" ಎಂದ ಅಣ್ಣ. "ನನ್ನ ಮಾತು ಅದು. ಹತ್ತು ಸೆಕೆಂಡಿಗೆ ಇಳಿಸಿಬಿಟ್ಟಾಳು."

ಮಾರನೆಯ ಸಂಜೆ ಹುಡುಗಿ ಬಂದಳು. ಬಾಗಿಲಲ್ಲೇ ಹಿಂಜರಿದು, ತಪ್ಪು ಮಾಡಿದವಳ ಹಾಗೆ ನಿಂತಳು. ನನ್ನ ಸಿಟ್ಟು ಇಳಿದಿರಲಿಲ್ಲ, ಈಗಲೂ ಇಳಿದಿಲ್ಲ. "ಅಲ್ಲಿ ನಿಂತ್ರೆ ಕೈ ಕಾಣಲ್ಲ, ಬೆಳಕಿಗೆ ಬಾ" ಎಂದು ಗದರಿ, ದೀಪದ ಕೆಳಗೆ ಕುರ್ಚಿ ಎಳೆದು ಹಾಕಿದೆ.